ಎರಿ ನೆಲದ ಬಿರುಕು, ಮಲ್ಪೆಯ ಕಲ್ಲುಕಂಬ

ಐಷಾರಾಮಿ ಹಡಗು ಪ್ರವಾಸದ ಜಾಹೀರಾತುಗಳಲ್ಲಿ ಜ್ವಾಲಾಮುಖಿ ದ್ವೀಪಕ್ಕೆ ಖಾಯಂ ಜಾಗ. ಗ್ರೀಸಿನ ಸಾಂತೊರಿನಿ, ಅಮೆರಿಕದ ಹವಾಯಿ, ಹಿಂದೂ ಮಹಾಸಾಗರದ ರಿಯೂನಿಯನ್ ಎಲ್ಲ ಕಡೆಯೂ ದಿನಚರಿ ಒಂದೇ. ಬೆಳಿಗ್ಗೆ ಹಡಗು ಲಂಗರು ಹಾಕುತ್ತದೆ. ಗಂಡ ಹೆಂಡತಿ ದಡಕ್ಕಿಳಿದು ಕಪ್ಪು ಕಲ್ಲಿನ ಮೇಲೆ ಓಡಾಡಿ, ಫೋಟೊ ತೆಗೆಸಿಕೊಂಡು ಸಂಜೆಗೆ ಹಡಗು ಹತ್ತುತ್ತಾರೆ. ರೋಣದಲ್ಲೋ ನರಗುಂದದಲ್ಲೋ ಗಜೇಂದ್ರಗಡದಲ್ಲೋ ಕೂತು ಟಿವಿಯಲ್ಲಿ ಇದನ್ನು ನೋಡುವವರಿಗೆ ಇದೆಲ್ಲ ಪಾಸ್‌ಪೋರ್ಟು, ವೀಸಾ, ಲಕ್ಷಗಟ್ಟಲೆ ರೂಪಾಯಿಯ ಬಾಬತ್ತು ಅನ್ನಿಸುವುದು ಸಹಜ.

ಕರ್ನಾಟಕದ ಕಡಲಲ್ಲೇ ಲಾವಾದಿಂದಾದ ದ್ವೀಪಗಳಿವೆ. ಉಡುಪಿಗೆ ಅಂಟಿಕೊಂಡಂತಿರುವ ಮಲ್ಪೆಯಲ್ಲಿ ದೋಣಿ ಹತ್ತಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಸೇಂಟ್ ಮೇರಿಸ್ ದ್ವೀಪದ ಮೇಲೆ ಕಾಲಿಡಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿದೆ. ವರ್ಷವರ್ಷವೂ ಸಾವಿರಾರು ಜನ ಇಲ್ಲಿಗೆ ಬರುತ್ತಾರೆ. ಹೆಚ್ಚಿನವರು ತೆಂಗಿನ ಮರ, ನೀಲಿ ನೀರು, ಚಿಪ್ಪುಗಳ ನಡುವೆ ಒಂದೆರಡು ಗಂಟೆ ಕಳೆದು ಹೊರಡುತ್ತಾರೆ. ಕಾಲಡಿಯ ಕಲ್ಲು ಏನು ಹೇಳುತ್ತಿದೆ ಎಂದು ನಿಂತು ನೋಡುವವರು ಕಡಿಮೆ.

ಆ ಕಲ್ಲನ್ನು ಓದುವ ವಿದ್ಯೆ ಎರಿ ನೆಲದ, ಅಂದರೆ ಕಪ್ಪು ಮಣ್ಣಿನ ಸೀಮೆಯ ಜನರಿಗೆ ಅರ್ಧ ಮೊದಲೇ ಗೊತ್ತಿದೆ. ಅಲ್ಲಿನ ಕಲ್ಲಿನ ಕಥೆಗೂ ನರಗುಂದ ಸೀಮೆಯ ನೀರಿನ ಕಥೆಗೂ ನಂಟಿದೆ. ಅದಕ್ಕೇ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳವರು ಆ ದ್ವೀಪವನ್ನು ಒಮ್ಮೆಯಾದರೂ ನೋಡಿ ಬರಬೇಕು.

ಸುಗ್ಗಿ ಮುಗಿದ ಮೇಲೆ

ಗಜೇಂದ್ರಗಡದ ಕಡೆಯ ಹಳ್ಳಿಯೊಂದರ ದಂಪತಿ ಹೊರಟಿದ್ದಾರೆ ಎಂದುಕೊಳ್ಳೋಣ. ಹಿಂಗಾರಿ ಜೋಳದ ರಾಶಿ ಆಗಿದೆ, ಕಡಲೆ ಮನೆಗೆ ಬಂದಿದೆ. ಹೊಲದಲ್ಲಿ ಮಾಡುವಂಥದ್ದು ಸದ್ಯಕ್ಕೇನೂ ಇಲ್ಲ. ಚೀಲದಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ. ಗದಗ, ಹುಬ್ಬಳ್ಳಿ ದಾಟಿ, ಯಲ್ಲಾಪುರದ ಕಾಡು ಹೊಕ್ಕು, ಅರಬೈಲು ಘಟ್ಟ ಇಳಿದು ಅಂಕೋಲಾ ಸೇರಿದರೆ ಮುಂದೆ ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿ. ಎಲ್ಲ ಸೇರಿ ಹೆಚ್ಚುಕಡಿಮೆ ನಾನೂರು ಕಿಲೋಮೀಟರ್. ರಾತ್ರಿ ಬಸ್ಸು ಹತ್ತಿದವರಿಗೆ ಬೆಳಗಾಗುವ ಹೊತ್ತಿಗೆ ಕಿಟಕಿಯಾಚೆ ಬೇರೆಯದೇ ಲೋಕ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಸೀಮೆಯಿಂದ ಹೊರಟವರು 4000 ಮಿಲಿಮೀಟರ್ ಸುರಿಯುವ ಕರಾವಳಿಗೆ ಬಂದಿರುತ್ತಾರೆ.

ಮಣ್ಣೂ ಬದಲಾಗಿರುತ್ತದೆ. ಊರ ಸುತ್ತ ಎರಿ, ಅಲ್ಲಲ್ಲಿ ಮಸಾರಿ. ಇಲ್ಲಿ ಕೆಂಪು ಜಂಬಿಟ್ಟಿಗೆ. ಗಜೇಂದ್ರಗಡದ ಗುಡ್ಡಗಳು ಬಾದಾಮಿ ಬಂಡೆಗಳ ಬಳಗಕ್ಕೆ ಸೇರಿದ ಮರಳುಗಲ್ಲು. ನೀರು ಹೊತ್ತು ತಂದ ಮರಳು ಪದರ ಪದರವಾಗಿ ಕೂತು ಗಟ್ಟಿಯಾದದ್ದು ಅದು. ಕಾಲಕಾಲೇಶ್ವರನ ಗುಡಿಗೆ ಮೆಟ್ಟಿಲು ಹತ್ತುವಾಗ ಬಲಕ್ಕೂ ಎಡಕ್ಕೂ ಆ ಅಡ್ಡ ಪದರಗಳು ಕಾಣುತ್ತವೆ. ಅಲ್ಲಿನ ಅಂತರಗಂಗೆಯ ನೀರು ಜಿನುಗುವುದು ಇಂಥ ಬಂಡೆಯ ಸಂದುಗೊಂದಿನಿಂದಲೇ. ಅಡ್ಡ ಗೆರೆಗಳ ಕಲ್ಲನ್ನು ನೋಡಿ ಬೆಳೆದ ಕಣ್ಣಿಗೆ ಮಲ್ಪೆಯ ದ್ವೀಪದಲ್ಲಿ ಸಿಗುವುದು ನೆಟ್ಟಗೆ ನಿಂತ ಗೆರೆಗಳ ಕಲ್ಲು. ಒಂದು ನೀರಿನ ಕೆಲಸ, ಇನ್ನೊಂದು ಬೆಂಕಿಯದು.

ಮಲ್ಪೆ ದೊಡ್ಡ ಮೀನುಗಾರಿಕೆ ಬಂದರು. ಸಾಲುಸಾಲು ಬೋಟುಗಳು, ಬಲೆ ಹೆಣೆಯುವ ಮೊಗವೀರರು, ಐಸಿನ ಲಾರಿಗಳು, ಮೀನಿನ ವಾಸನೆ. ಬಂದರು ದಾಟಿ ಕಡಲಿಗೆ ಬಿದ್ದ ದೋಣಿ ಅಲೆಗೆ ಏರಿಳಿಯತೊಡಗಿದಾಗ ಬಯಲುಸೀಮೆಯವರ ಕೈ ತಾನಾಗಿ ಅಂಚನ್ನು ಹಿಡಿಯುತ್ತದೆ. ದೂರದಲ್ಲಿ ತೆಂಗಿನ ತಲೆಗಳ ಒಂದು ಗೆರೆ, ಅದರ ಬುಡದಲ್ಲಿ ಕಪ್ಪು ಅಂಚು ಕಾಣುತ್ತದೆ.

ನಾಲ್ಕು ದ್ವೀಪ, ಒಂದೇ ಸಾಲು

ಸೇಂಟ್ ಮೇರಿಸ್ ಎಂದು ಒಂದೇ ಹೆಸರಿದ್ದರೂ ಮುಖ್ಯವಾದ ದ್ವೀಪಗಳು ನಾಲ್ಕು. ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹಾದೂರಗಡ ಮತ್ತು ದಕ್ಷಿಣ ದ್ವೀಪ. ಕರಾವಳಿಗೆ ಸಮಾನಾಂತರವಾಗಿ ಉತ್ತರ ದಕ್ಷಿಣವಾಗಿ ಇವು ಹರಡಿಕೊಂಡಿವೆ. ದರಿಯಾ ಬಹಾದೂರಗಡದಲ್ಲಿ ಬಿದನೂರಿನ ಬಸಪ್ಪ ನಾಯಕ ಕಟ್ಟಿಸಿದ ಕೋಟೆಯ ಅವಶೇಷಗಳಿವೆ. ಪ್ರವಾಸಿಗರ ದೋಣಿ ಹೋಗುವುದು ತೆಂಗಿನ ದ್ವೀಪಕ್ಕೆ. ಉದ್ದ ಸುಮಾರು 500 ಮೀಟರ್, ಅಗಲ ಹೆಚ್ಚೆಂದರೆ 100 ಮೀಟರ್, ಕಡಲಮಟ್ಟದಿಂದ ಎತ್ತರ 10 ಮೀಟರಿನಷ್ಟು. ಗಜೇಂದ್ರಗಡದ ಒಂದು ದೊಡ್ಡ ಹೊಲದ ಸುತ್ತ ಅಡ್ಡಾಡಿದಷ್ಟೇ ನಡಿಗೆ. ಜನವಸತಿ ಇಲ್ಲ, ರಾತ್ರಿ ಉಳಿಯುವ ಹಾಗೂ ಇಲ್ಲ.

ಜ್ವಾಲಾಮುಖಿ ದ್ವೀಪ ಎಂದೊಡನೆ ಬೆಂಕಿ ಉಗುಳುವ ಬಾಯಿ, ಹೊಗೆ ಕಣ್ಣಿಗೆ ಕಟ್ಟುತ್ತವೆ. ಇಲ್ಲಿ ಅಂಥದ್ದೇನೂ ಇಲ್ಲ. ಉಗುಳಿದ ಬಾಯಿ ಕೋಟ್ಯಂತರ ವರ್ಷಗಳ ಮಳೆ ಗಾಳಿ ಅಲೆಗೆ ಸವೆದು ಮಾಯವಾಗಿದೆ. ಆ ಬೆಂಕಿಯಿಂದ ಹೊರಬಂದು ತಣ್ಣಗಾದ ಲಾವಾದ ಒಂದಿಷ್ಟು ತುಣುಕು ನೀರಿನ ಮೇಲೆ ತಲೆ ಎತ್ತಿಕೊಂಡಿದೆ. ಅದು ದ್ವೀಪವಾಗಿದ್ದೂ ಭೂಮಿಯ ಲೆಕ್ಕದಲ್ಲಿ ಇತ್ತೀಚೆಗೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ಉತ್ತುಂಗದಲ್ಲಿದ್ದಾಗ ಜಗತ್ತಿನ ನೀರಿನ ದೊಡ್ಡ ಪಾಲು ಮಂಜಾಗಿ ನಿಂತಿತ್ತು, ಕಡಲಮಟ್ಟ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಆಗ ಮಲ್ಪೆಯಿಂದ ಈ ಕಲ್ಲುಗುಡ್ಡಗಳವರೆಗೆ ಒಣನೆಲ. ಕಡಲು ಇನ್ನೂ ಬಹಳ ಪಶ್ಚಿಮಕ್ಕಿತ್ತು.

ಆರು ಮೂಲೆಯ ಲೆಕ್ಕ

ದೋಣಿ ಇಳಿದು ತೆಂಗಿನ ನೆರಳು ದಾಟಿ ಪಶ್ಚಿಮದ ಅಂಚಿಗೆ ಬಂದರೆ ಕಲ್ಲುಕಂಬಗಳು ಎದುರಾಗುತ್ತವೆ. ಯಾರೋ ಕಡೆದು ಜೋಡಿಸಿದಂತೆ ಒತ್ತೊತ್ತಾಗಿ ನಿಂತ ಕಂಬಗಳು. ಕೆಲವು ನೆಟ್ಟಗಿವೆ, ಕೆಲವು ವಾಲಿವೆ, ಕೆಲವು ಮುರಿದು ಮೆಟ್ಟಿಲಾಗಿವೆ. ಅಲೆ ಸವೆಸಿದ ಕಡೆ ಕಂಬಗಳ ತಲೆ ಮಾತ್ರ ಉಳಿದು ನೆಲಕ್ಕೆ ಕಲ್ಲು ಹಾಸಿದಂತೆ ಕಾಣುತ್ತದೆ. ಐದು ಮೂಲೆ, ಆರು ಮೂಲೆ, ಅಪರೂಪಕ್ಕೆ ನಾಲ್ಕು ಅಥವಾ ಏಳು. ಸಂದುಗಳಲ್ಲಿ ಪುಡಿಯಾದ ಚಿಪ್ಪು ತುಂಬಿಕೊಂಡು ಕಪ್ಪು ಕಲ್ಲಿಗೆ ಬಿಳಿ ಗೆರೆ ಎಳೆದಂತಾಗಿರುತ್ತದೆ.

ನಮ್ಮ ದಂಪತಿ ಇಲ್ಲಿ ನಿಂತೇ ನಿಲ್ಲುತ್ತಾರೆ.

"ಇಲ್ನೋಡ್ರಿ, ಬ್ಯಾಸಿಗ್ಯಾಗ ನಮ್ಮ ಎರಿ ಬಿರದಂಗ ಐತಿ" ಎಂದು ಆಕೆ ತೋರಿಸಿದರೆ, "ಹೌದಲ್ಲ! ಆದ್ರ ಅದು ಮಣ್ಣು, ಇದು ಕಲ್ಲು. ಕಲ್ಲ್ಯಾಕ ಹಿಂಗ ಬಿರೀತು?" ಎಂದು ಆತ ಕೇಳಬಹುದು.

ಭೂವಿಜ್ಞಾನ ಕೊಡುವ ಉತ್ತರ ಅವರ ಹೊಲದಿಂದಲೇ ಶುರುವಾಗುತ್ತದೆ. ಎರಿ ಮಣ್ಣಿನಲ್ಲಿ ನೀರು ಕುಡಿದು ಉಬ್ಬುವ ಬಗೆಯ ಜೇಡಿ ಹೆಚ್ಚು. ಮಳೆಗೆ ಉಬ್ಬಿದ ನೆಲ ಬೇಸಿಗೆಯಲ್ಲಿ ನೀರು ಕಳೆದುಕೊಂಡು ಕುಗ್ಗುತ್ತದೆ. ಎಲ್ಲ ದಿಕ್ಕಿಗೂ ಕುಗ್ಗಬೇಕು, ಆದರೆ ಅಕ್ಕಪಕ್ಕದ ಮಣ್ಣು ಹಿಡಿದುಕೊಂಡಿದೆ. ಎಳೆತ ತಾಳಲಾರದೆ ಅದು ಬಿರಿಯುತ್ತದೆ. ಬಿರುಕು ಮೊದಲು ಮೇಲ್ಮೈಯಲ್ಲಿ ಮೂಡಿ, ನೆಲ ಆಳಕ್ಕೆ ಒಣಗಿದಂತೆಲ್ಲ ತಾನೂ ಆಳಕ್ಕಿಳಿಯುತ್ತದೆ. ಎತ್ತಿನ ಕಾಲು ಸಿಕ್ಕಿಕೊಳ್ಳುವಷ್ಟು ಅಗಲ, ಕೋಲು ಇಳಿಬಿಟ್ಟರೆ ತಳ ಸಿಗದಷ್ಟು ಆಳ.

ಲಾವಾದಲ್ಲಿ ಕಳೆದುಹೋಗುವುದು ನೀರಿನ ಬದಲು ಶಾಖ. ಹರಿದು ನಿಂತ ಲಾವಾ ಮೇಲಿನಿಂದ ಗಾಳಿಗೆ, ಕೆಳಗಿನಿಂದ ನೆಲಕ್ಕೆ ಶಾಖ ಬಿಟ್ಟುಕೊಡುತ್ತ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೂ ತಣಿಯುತ್ತಲೇ ಇರುತ್ತದೆ, ತಣಿದಷ್ಟೂ ಕುಗ್ಗುತ್ತದೆ, ಕುಗ್ಗಿದಷ್ಟೂ ಎಳೆತ ಹೆಚ್ಚುತ್ತದೆ. ಕೊನೆಗೆ ಬಿರಿಯುತ್ತದೆ. ತಂಪು ಒಳಕ್ಕೆ ಇಳಿದ ದಾರಿಯಲ್ಲೇ ಬಿರುಕೂ ಇಳಿಯುತ್ತದೆ. ಹಾಗಾಗಿ ಕಂಬಗಳು ಯಾವಾಗಲೂ ತಣಿದ ಮೇಲ್ಮೈಗೆ ಲಂಬವಾಗಿರುತ್ತವೆ. ಮೇಲ್ಮೈ ಸಮತಟ್ಟಾಗಿದ್ದ ಕಡೆ ಕಂಬ ನೆಟ್ಟಗೆ, ಓರೆಯಾಗಿದ್ದ ಕಡೆ ವಾಲಿಕೊಂಡು ನಿಲ್ಲುತ್ತದೆ. ದ್ವೀಪದಲ್ಲಿ ವಾಲಿದ ಕಂಬ ಕಂಡರೆ, ಲಾವಾ ಯಾವ ಕಡೆಯಿಂದ ತಣಿಯಿತು ಎಂಬ ಸುಳಿವು ಅಲ್ಲೇ ಇದೆ.

ಆರು ಮೂಲೆ ಯಾಕೆ? ಮೊದಲ ಬಿರುಕುಗಳು ಹೆಚ್ಚಾಗಿ ಒಂದಕ್ಕೊಂದು ನೇರ ಕೋನದಲ್ಲಿ ಅಡ್ಡ ಬಂದು ಸೇರುತ್ತವೆ. ಬಿರುಕು ಆಳಕ್ಕಿಳಿಯುತ್ತ ಹೋದಂತೆ ಮೂರು ಬಿರುಕುಗಳು ಸರಿಸಮನಾಗಿ 120 ಡಿಗ್ರಿ ಕೋನದಲ್ಲಿ ಕೂಡುವ ಕಡೆಗೆ ವಾಲುತ್ತವೆ. ಎಳೆತವನ್ನು ಮಿತವ್ಯಯದಲ್ಲಿ ಹಂಚಿಕೊಳ್ಳುವ ಏರ್ಪಾಡು ಅದು. 120 ಡಿಗ್ರಿಯ ಮೂಲೆಗಳು ಸೇರಿದರೆ ಆಗುವ ಆಕೃತಿ ಷಟ್ಕೋನ. ಮಣ್ಣಿನಲ್ಲೂ ಹೀಗೆಯೇ ಆಗುತ್ತದೆಂದು ಪ್ರಯೋಗಾಲಯದಲ್ಲಿ ಒಂದೇ ಮಣ್ಣನ್ನು ಮತ್ತೆ ಮತ್ತೆ ತೋಯಿಸಿ ಒಣಗಿಸಿದ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಮೊದಲ ಸಲ ಅಡ್ಡಾದಿಡ್ಡಿಯಾಗಿ ಬಿರಿದ ಮಣ್ಣು ಹಲವು ಸುತ್ತುಗಳ ನಂತರ ಷಟ್ಕೋನದ ಹತ್ತಿರಕ್ಕೆ ಬರುತ್ತದೆ. ಮಳೆಗೊಮ್ಮೆ ಮುಚ್ಚಿ ಬೇಸಿಗೆಗೊಮ್ಮೆ ತೆರೆಯುವ ಎರಿ ಹೊಲ ಇದೇ ಸುತ್ತನ್ನು ಪ್ರತಿ ವರ್ಷ ಸುತ್ತುತ್ತದೆ. ವ್ಯತ್ಯಾಸ ಇಷ್ಟೇ: ಹೊಲದ ಬಿರುಕು ಮಳೆಗೆ ಮುಚ್ಚಿಕೊಳ್ಳುತ್ತದೆ, ಲಾವಾದ್ದು ಹಾಗೆಯೇ ಉಳಿಯುತ್ತದೆ.

ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸ್ಟೀಫನ್ ಮಾರಿಸ್ ಮತ್ತು ಲ್ಯೂಕಸ್ ಗೋರಿಂಗ್ ಇದನ್ನು ಅಡುಗೆಮನೆಯ ಕಾರ್ನ್‌ಫ್ಲೋರಿನಿಂದ ಅಭ್ಯಾಸ ಮಾಡಿದರು. ನೀರಲ್ಲಿ ಕಲೆಸಿದ ಕಾರ್ನ್‌ಫ್ಲೋರನ್ನು ದೀಪದ ಬಿಸಿಗೆ ನಿಧಾನವಾಗಿ ಒಣಗಿಸಿದರೆ ಅದರೊಳಗೂ ಪುಟ್ಟ ಪುಟ್ಟ ಕಂಬಗಳು ಮೂಡುತ್ತವೆ. ಬೇಗ ಒಣಗಿದರೆ ಕಂಬ ಸಣ್ಣ, ನಿಧಾನಕ್ಕೆ ಒಣಗಿದರೆ ದಪ್ಪ. ಲಾವಾದ ಕಂಬಗಳ ಗಾತ್ರವನ್ನೂ ತಣಿದ ವೇಗವೇ ತೀರ್ಮಾನಿಸುತ್ತದೆ. ಬ್ರಿಟನ್ನಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಐಸ್‌ಲ್ಯಾಂಡಿನ ಬಸಾಲ್ಟ್ ಕಲ್ಲನ್ನು ಕಾಯಿಸಿ, ಹಿಡಿದಿಟ್ಟು, ತಣಿಸಿ ನೋಡಿದಾಗ ಅದು 840ರಿಂದ 890 ಡಿಗ್ರಿ ಸೆಲ್ಸಿಯಸ್ ನಡುವೆ ಬಿರಿಯಿತು. ಅಂದರೆ ಕಂಬಗಳು ಹುಟ್ಟಿದಾಗ ಕಲ್ಲು ಗಟ್ಟಿಯಾಗಿದ್ದರೂ ಕೆಂಡದಂತೆ ಕಾದಿತ್ತು. ಕಾರ್ನ್‌ಫ್ಲೋರಿನ ಪ್ರಯೋಗಕ್ಕೆ ಒಂದು ಬಟ್ಟಲು, ಒಂದು ಬಲ್ಬು, ಕೆಲವು ದಿನಗಳ ತಾಳ್ಮೆ ಸಾಕು. ರೋಣ ನರಗುಂದದ ಯಾವ ಶಾಲೆಯಲ್ಲೂ ಮಾಡಬಹುದು, ಮಾಡಬೇಕು.

ಇಂಥ ಕಂಬಗಳು ಜಗತ್ತಿನಲ್ಲಿ ಇನ್ನೂ ಕೆಲವು ಕಡೆ ಇವೆ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲಿ ಸುಮಾರು 40,000 ಕಂಬಗಳಿದ್ದು, 1986ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. ಮುಂಬೈನ ಅಂಧೇರಿಯಲ್ಲಿ ಕಟ್ಟಡಗಳ ನಡುವೆ ಸಿಕ್ಕಿಕೊಂಡಿರುವ ಗಿಲ್ಬರ್ಟ್ ಹಿಲ್ ಕೂಡ ಇದೇ ಬಗೆಯದು.

ಬಿಳಿ ಚುಕ್ಕೆಗಳು ಹೇಳುವುದು

ಕಂಬವೊಂದರ ಬಳಿ ಕೂತು, ಕಣ್ಣು ಕಲ್ಲಿನ ಹತ್ತಿರಕ್ಕೆ ಒಯ್ದರೆ ಕಪ್ಪು ಬೂದು ಮೈಯಲ್ಲಿ ಬಿಳಿಚು ಚುಕ್ಕೆಗಳು ಕಾಣುತ್ತವೆ. ಕೆಲವು ಒಂಟಿ, ಕೆಲವು ಗುಂಪುಗುಂಪಾಗಿ. ಇವು ಫೆಲ್ಡ್‌ಸ್ಪಾರ್ ಹರಳುಗಳು. ಲಾವಾ ಇನ್ನೂ ನೆಲದಾಳದಲ್ಲಿದ್ದಾಗ ನಿಧಾನವಾಗಿ ಬೆಳೆದು ದೊಡ್ಡವಾದವು. ಮೇಲೆ ಬಂದ ಮೇಲೆ ಉಳಿದ ದ್ರವ ಬೇಗ ಗಟ್ಟಿಯಾಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳ ಕಪ್ಪು ಹಿನ್ನೆಲೆಯಾಯಿತು. ಒಂದು ಅಂಗೈ ಅಗಲದ ಕಲ್ಲಿನಲ್ಲಿ ತಣಿದ ಎರಡು ಹಂತಗಳೂ ದಾಖಲಾಗಿವೆ.

ಪ್ರವಾಸಿ ಬರಹಗಳಲ್ಲಿ ಇದನ್ನು ಬಸಾಲ್ಟ್ ಎಂದು ಬರೆಯುವುದು ರೂಢಿ. ಆದರೆ ಭೂವಿಜ್ಞಾನಿ ಸಿ. ನಾಗಣ್ಣ 1966ರಲ್ಲಿ ಈ ದ್ವೀಪಗಳ ಶಿಲೆಗಳನ್ನು ಅಭ್ಯಾಸ ಮಾಡಿ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ ಬರೆದರು. ಆ ಅಧ್ಯಯನ ಮತ್ತು ಅದರ ನಂತರದವು ಇದು ಬಸಾಲ್ಟಿಗಿಂತ ಸಿಲಿಕಾ ಬಹಳ ಹೆಚ್ಚಿರುವ ಡೇಸೈಟ್, ರಯೋಲೈಟ್ ಬಗೆಯ ಲಾವಾ ಎಂದು ತೋರಿಸಿವೆ. ಸಿಲಿಕಾ ಹೆಚ್ಚಾದಷ್ಟೂ ಲಾವಾ ಮಂದ, ಅಂಟು. ಬಸಾಲ್ಟ್ ನೀರಿನಂತೆ ದೂರ ಹರಿದರೆ ಇದು ತೆವಳುತ್ತದೆ. ಮಹಾರಾಷ್ಟ್ರವನ್ನೂ ವಿಜಯಪುರ, ಬೆಳಗಾವಿ ಕಡೆಯ ನೆಲವನ್ನೂ ಮುಚ್ಚಿದ ದಖ್ಖನ್ ಲಾವಾಕ್ಕೂ ಇದಕ್ಕೂ ಸಂಬಂಧವಿಲ್ಲ. ದಖ್ಖನ್ ಲಾವಾ ಹರಿದದ್ದು 6.6 ಕೋಟಿ ವರ್ಷಗಳ ಹಿಂದೆ. ಸೇಂಟ್ ಮೇರಿಸ್ ಕಲ್ಲು ಅದಕ್ಕಿಂತ ಹಳೆಯದು.

ಎಷ್ಟು ಹಳೆಯದು? ಕಲ್ಲಿನೊಳಗಿನ ವಿಕಿರಣಶೀಲ ಪೊಟ್ಯಾಸಿಯಂನ ಒಂದು ಪಾಲು ಗೊತ್ತಾದ ವೇಗದಲ್ಲಿ ಆರ್ಗಾನ್ ಅನಿಲವಾಗುತ್ತದೆ. ಎಷ್ಟು ಆರ್ಗಾನ್ ಕೂಡಿದೆ ಎಂದು ಅಳೆದರೆ ಕಲ್ಲಿನ ವಯಸ್ಸು ಸಿಗುತ್ತದೆ. 1981ರಲ್ಲಿ ಪ್ರಕಟವಾದ ಅಳತೆ 9.3 ಕೋಟಿ ವರ್ಷ ಎಂದಿತು. ಇನ್ನಷ್ಟು ಸೂಕ್ಷ್ಮ ವಿಧಾನದಲ್ಲಿ 2001ರಲ್ಲಿ ಸಿಕ್ಕ ಉತ್ತರ 8.56 ಕೋಟಿ ವರ್ಷ. ಸಾಮಾನ್ಯವಾಗಿ 8.8 ಕೋಟಿ ವರ್ಷ ಎನ್ನುತ್ತಾರೆ. ಡೈನೊಸಾರ್‌ಗಳು ಓಡಾಡುತ್ತಿದ್ದ, ಹಿಮಾಲಯ ಇನ್ನೂ ಹುಟ್ಟದಿದ್ದ ಕಾಲ.

ಮಡಗಾಸ್ಕರ್ ಬೇರೆಯಾದಾಗ

ಆ ಕಾಲದಲ್ಲಿ ಮಲ್ಪೆಯ ಪಶ್ಚಿಮಕ್ಕೆ ಕಡಲಿರಲಿಲ್ಲ, ಮಡಗಾಸ್ಕರ್ ಇತ್ತು. ಇವತ್ತು ಉಡುಪಿಯಿಂದ ಸುಮಾರು 4000 ಕಿಲೋಮೀಟರ್ ದೂರದಲ್ಲಿ, ಆಫ್ರಿಕದ ಮಗ್ಗುಲಲ್ಲಿರುವ ಆ ದೊಡ್ಡ ದ್ವೀಪ ಆಗ ಭಾರತಕ್ಕೆ ಅಂಟಿಕೊಂಡಿತ್ತು. ನೆಲದಾಳದಿಂದ ಮೇಲೆದ್ದ ಬಿಸಿ ಶಿಲಾರಸ ಈ ಜೋಡಿ ನೆಲವನ್ನು ಕಾಯಿಸಿ, ತೆಳುವಾಗಿಸಿ, ಸೀಳಿತು. ಭೂವಿಜ್ಞಾನಿಗಳು ಈ ಬಿಸಿತಾಣವನ್ನು ದಕ್ಷಿಣ ಹಿಂದೂ ಮಹಾಸಾಗರದ ಮರಿಯನ್ ದ್ವೀಪದ ಹೆಸರಿನಿಂದ ಕರೆಯುತ್ತಾರೆ. ಸೀಳಿನುದ್ದಕ್ಕೂ ಲಾವಾ ಹೊರಬಂತು. ಮಡಗಾಸ್ಕರ್‌ನಲ್ಲಿ ಅದೇ ವಯಸ್ಸಿನ ಬಸಾಲ್ಟ್, ರಯೋಲೈಟ್ ಬೇಕಾದಷ್ಟಿದೆ. ನಮ್ಮ ಕಡೆ ಉಳಿದ ಗುರುತುಗಳಲ್ಲಿ ಮಲ್ಪೆಯ ಈ ಕಂಬಗಳು ಮುಖ್ಯವಾದವು.

ಎರಡೂ ನೆಲ ಒಂದಾಗಿದ್ದುದಕ್ಕೆ ಸಾಕ್ಷಿ ಇನ್ನೂ ಇದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ನಮ್ಮ ಸೀಮೆಯ ಪುರಾತನ ಶಿಲೆಗಳಿಗೆ ಧಾರವಾಡದ ಹೆಸರಿಟ್ಟ. ಗದಗ, ಧಾರವಾಡ, ಚಿತ್ರದುರ್ಗಗಳನ್ನು ಒಳಗೊಂಡ ಹಳೆಯ ಭೂಖಂಡದ ತಿರುಳನ್ನು ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ಧಾರವಾಡದ ಹೆಸರಿನಿಂದಲೇ ಗುರುತಿಸುತ್ತಾರೆ. ಮಡಗಾಸ್ಕರ್‌ನ ಈಶಾನ್ಯ ತೀರದ ಆಂತೊಂಜಿಲ್ ಪ್ರದೇಶದ ಶಿಲೆಗಳು ಇದರ ಪಶ್ಚಿಮ ಭಾಗದ ಶಿಲೆಗಳಿಗೆ ಹೊಂದುತ್ತವೆ. ಒಂದೇ ಭೂಖಂಡದ ಎರಡು ತುಂಡು, ನಡುವೆ ಈಗ ಇಡೀ ಸಾಗರ.

ಮಡಗಾಸ್ಕರ್‌ನಿಂದ ಕಳಚಿಕೊಂಡ ಭಾರತ ಉತ್ತರಕ್ಕೆ ಸಾಗಿತು. ದಾರಿಯಲ್ಲಿ ದಖ್ಖನ್ ಲಾವಾ ಹರಿಯಿತು, ಸೇಶೆಲ್ಸ್ ಕಳಚಿತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತ ಏಷ್ಯಾಕ್ಕೆ ಢಿಕ್ಕಿ ಹೊಡೆದಾಗ ಹಿಮಾಲಯ ಏಳತೊಡಗಿತು. ಹೀಗೆ ಎರಡು ಸಲ ಸೀಳಿದ್ದು ಭಾರತದ ಪಶ್ಚಿಮದ ಅಂಚು. ಸೀಳಿದ ಅಂಚು ಎತ್ತರಿಸಿ ನಿಂತದ್ದೇ ಪಶ್ಚಿಮ ಘಟ್ಟದ ಮೂಲ ಎಂದು ಹಲವು ಭೂವಿಜ್ಞಾನಿಗಳು ವಿವರಿಸುತ್ತಾರೆ.

ನರಗುಂದದ ರೈತನಿಗೆ ಈ ಮಾತು ತೀರ ಹತ್ತಿರದ್ದು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿಂದ ಅರಬ್ಬಿ ಸಮುದ್ರ ಕೂಗಳತೆಯಲ್ಲಿದ್ದ ಹಾಗೆ. ಆದರೂ ನದಿ ಬೆನ್ನು ತಿರುಗಿಸಿ ಪೂರ್ವಕ್ಕೆ ಹೊರಟು, ಸವದತ್ತಿ, ನರಗುಂದ, ಹೊಳೆಆಲೂರು, ಪಟ್ಟದಕಲ್ಲು ದಾಟಿ ಕೂಡಲಸಂಗಮದಲ್ಲಿ ಕೃಷ್ಣೆ ಸೇರಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಅದೇ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಗೋವೆಯ ಕಡಲಿಗೆ ಇಳಿಯುತ್ತದೆ. ನೆಲದ ಅಂಚು ಎತ್ತರಿಸಿದ್ದರಿಂದ ಆದ ನೀರಿನ ಪಾಲು ಇದು. ಮಳೆಯೆಲ್ಲ ಘಟ್ಟದ ಆ ಕಡೆ, ಬಾಯಾರಿದ ಎರಿ ನೆಲ ಈ ಕಡೆ. ಮಲಪ್ರಭೆಯ ಕಾಲುವೆ ನೀರು, ಕರದ ಪ್ರಶ್ನೆಯಿಂದ ಎದ್ದ 1980ರ ಜುಲೈ 21ರ ನರಗುಂದ ಬಂಡಾಯ, ಮಹದಾಯಿ ನೀರಿನ ಪಾಲಿಗಾಗಿ 2015ರ ಜುಲೈನಲ್ಲಿ ನರಗುಂದದಲ್ಲಿ ಶುರುವಾದ ಧರಣಿ, ಎರಡರ ಹಿಂದೆಯೂ ಸರ್ಕಾರಗಳ ನಡೆಗಳಿವೆ. ಅವುಗಳಿಗಿಂತ ಬಹಳ ಹಿಂದೆ, ನೀರು ಯಾವ ಕಡೆ ಇಳಿಯಬೇಕು ಎಂಬುದನ್ನು ಪಶ್ಚಿಮದ ಅಂಚಿನ ಈ ಒಡೆತಗಳು ಬರೆದಿಟ್ಟವು. ತೆಂಗಿನ ದ್ವೀಪದ ಕಂಬದ ಮೇಲೆ ಕೂತವರು ಆ ಒಡೆತದ ಅಂಚಿನ ಮೇಲೆಯೇ ಕೂತಿರುತ್ತಾರೆ.

ವಾಸ್ಕೋ ನೆಟ್ಟ ಕಲ್ಲು

ದ್ವೀಪದ ಹೆಸರಿಗೆ ಪೋರ್ಚುಗೀಸರು ಕಾರಣ. ವಾಸ್ಕೋ ಡ ಗಾಮ ಲಿಸ್ಬನ್ನಿನಿಂದ ಹೊರಟಾಗ, ತಲುಪಿದ ನೆಲಗಳಲ್ಲಿ ನೆಡಲು ಕಲ್ಲಿನ ಕಂಬಗಳನ್ನು ತಂದಿದ್ದ. ಅವುಗಳಲ್ಲಿ ಒಂದಕ್ಕೆ ಸಾಂತಾ ಮರಿಯಾ ಎಂದು ಹೆಸರಿಡಬೇಕೆಂದು ರಾಜಾಜ್ಞೆ ಇತ್ತು. ಕಲ್ಲಿಕೋಟೆಯಿಂದ ಹಿಂದಿರುಗುವಾಗ, 1498ರ ಸೆಪ್ಟೆಂಬರ್‌ನಲ್ಲಿ ಕರಾವಳಿಗೆ ಹತ್ತಿರದ ಪುಟ್ಟ ದ್ವೀಪವೊಂದರಲ್ಲಿ ಆ ಕಲ್ಲನ್ನು ನೆಟ್ಟದ್ದು ಅವನ ಪ್ರಯಾಣದ ದಿನಚರಿಯಲ್ಲಿ ದಾಖಲಾಗಿದೆ. ಆಮೇಲೆ ಹಡಗುಗಳು ಕಾರವಾರದ ಬಳಿಯ ಅಂಜದೀವಕ್ಕೆ ಹೋದವು. ದೂರದ ದೇಶದಿಂದ ಕಲ್ಲುಕಂಬ ಹೊತ್ತು ತಂದವರು ಅದನ್ನು ನೆಟ್ಟದ್ದು ನೆಲವೇ ಸಾವಿರಾರು ಕಂಬಗಳನ್ನು ನಿಲ್ಲಿಸಿದ್ದ ಜಾಗದಲ್ಲಿ.

ಕಡಲ ದಾರಿ ಈಗಲೂ ಜನರನ್ನು ತರುತ್ತದೆ. ನವ ಮಂಗಳೂರು ಬಂದರಿಗೆ ಪ್ರವಾಸಿ ಋತುವಿನಲ್ಲಿ ವಿದೇಶಿ ವಿಹಾರ ನೌಕೆಗಳು ಬರುತ್ತವೆ. ಇಳಿದವರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿಯ ಗೋಕರ್ಣನಾಥ, ಗೋಡಂಬಿ ಕಾರ್ಖಾನೆ ನೋಡಿ ಸಂಜೆಗೆ ಹಡಗು ಹತ್ತುತ್ತಾರೆ.

ನಿಜವಾಗಿಯೂ ಬೆಂಕಿ ಉಗುಳುವ ದ್ವೀಪ ಭಾರತಕ್ಕೆ ಇರುವುದು ಅಂಡಮಾನಿನಲ್ಲಿ. ಹಿಂದೆ ಪೋರ್ಟ್‌ಬ್ಲೇರ್ ಎನ್ನುತ್ತಿದ್ದ ಶ್ರೀ ವಿಜಯಪುರಂನಿಂದ ಈಶಾನ್ಯಕ್ಕೆ 135 ಕಿಲೋಮೀಟರ್ ಆಚೆಗಿರುವ ಬ್ಯಾರನ್ ದ್ವೀಪ ಸ್ಫೋಟಿಸಿದ ಮೊದಲ ದಾಖಲೆ 1787ರದು. ಮರಾಠರೂ ಟಿಪ್ಪು ಸುಲ್ತಾನನೂ ಗಜೇಂದ್ರಗಡದಲ್ಲಿ ಒಪ್ಪಂದಕ್ಕೆ ಬಂದ ವರ್ಷವೂ ಅದೇ. ಬಹುಕಾಲ ಸುಮ್ಮನಿದ್ದ ಆ ಪರ್ವತ 1991ರಲ್ಲಿ ಮತ್ತೆ ಎಚ್ಚೆತ್ತಿತು. ಅದನ್ನು ಹಡಗಿನಿಂದ ನೋಡಬಹುದು, ಇಳಿಯುವಂತಿಲ್ಲ. ಲಾವಾ ದ್ವೀಪದ ಮೇಲೆ ಕಾಲಿಟ್ಟು, ಕಲ್ಲು ಮುಟ್ಟಿ ನೋಡಬೇಕೆಂಬ ಆಸೆ ಇದ್ದರೆ ಮಲ್ಪೆಯೇ ಸರಿ.

ಹೋಗುವವರು ತಿಳಿದಿರಬೇಕಾದ್ದು

ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಇಲ್ಲ. ಕಡಲು ಶಾಂತವಾದ ಮೇಲೆ ಶುರುವಾಗಿ ಬೇಸಿಗೆ ಮುಗಿಯುವವರೆಗೆ ನಡೆಯುತ್ತದೆ. ಬೆಳಿಗ್ಗೆ ಹೋಗುವುದು ಒಳ್ಳೆಯದು. ಬಿಸಿಲೇರಿದ ಮೇಲೆ ಕಪ್ಪು ಕಲ್ಲು ಕಾಲು ಸುಡುತ್ತದೆ. ಉಬ್ಬರ ಇಳಿತದ ಹೊತ್ತನ್ನು ದೋಣಿಯವರನ್ನು ಕೇಳಿ ತಿಳಿದುಕೊಂಡರೆ ಇಳಿತದಲ್ಲಿ ಹೆಚ್ಚು ಕಂಬಗಳು ನೋಡಸಿಗುತ್ತವೆ. ಕುಡಿಯುವ ನೀರು ಜತೆಗಿರಲಿ. ಒಯ್ದ ಬಾಟಲಿ, ಚೀಲ ಹಾಗೆಯೇ ವಾಪಸ್ ಬರಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಜೀವ. ಪಾಚಿ ಹಿಡಿದ ಕಂಬಗಳು ವಿಪರೀತ ಜಾರುತ್ತವೆ, ಅವುಗಳ ಬುಡದಲ್ಲೇ ಆಳ ನೀರು, ಸೆಳೆತ. ಕೆರೆ, ಬಾವಿಯಲ್ಲಿ ಈಜು ಕಲಿತವರಿಗೆ ಕಡಲಿನ ಸೆಳೆತ ಗೊತ್ತಿರುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಕಾಲೇಜು ಪ್ರವಾಸಕ್ಕೆ ಬಂದಿದ್ದ ಕೇರಳದ ಮೂವರು ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ಫೋಟೊಗಾಗಿ ಅಂಚಿನ ಕಂಬ ಹತ್ತಬಾರದು, ನಿಷೇಧಿಸಿದ ಕಡೆ ನೀರಿಗಿಳಿಯಬಾರದು, ಕಾವಲಿನವರು ಸೀಟಿ ಊದಿದರೆ ಕೇಳಬೇಕು.

ಕಲ್ಲಿನ ಮೇಲೆ ಹೆಸರು ಗೀಚುವುದು, ನೆನಪಿಗೆಂದು ತುಂಡು ಒಡೆದು ತರುವುದು ಬೇಡವೇ ಬೇಡ. 8.8 ಕೋಟಿ ವರ್ಷ ಉಳಿದು ಬಂದದ್ದನ್ನು ಒಂದು ಮಧ್ಯಾಹ್ನದ ಆಟಕ್ಕೆ ಕೆಡಿಸುವ ಹಕ್ಕು ಯಾರಿಗೂ ಇಲ್ಲ. ಅಲೆ ಸವೆಸುವುದು ಸವೆಸಲಿ, ಮನುಷ್ಯರು ಕೈ ಜೋಡಿಸುವುದು ಬೇಕಿಲ್ಲ.

ಮುಂದಿನ ರಜೆಗೆ

ಈ ಪ್ರವಾಸ ಹಿಡಿಸಿದವರಿಗೆ ಕರ್ನಾಟಕದಲ್ಲೇ ಇನ್ನೂ ಮೂರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಿವೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆ, ಕೋಲಾರ ಚಿನ್ನದ ಸೀಮೆಯ ಜ್ವಾಲಾಮುಖಿ ಶಿಲೆಗಳು, ಚಿತ್ರದುರ್ಗ ಜಿಲ್ಲೆಯ ಐಮಂಗಲದ ಬಳಿಯ ಮರಡಿಹಳ್ಳಿ. ಗಜೇಂದ್ರಗಡದವರಿಗೆ ಹೊಸಪೇಟೆ ದಾರಿಯಲ್ಲಿ ಮರಡಿಹಳ್ಳಿ ಮಲ್ಪೆಯಷ್ಟು ದೂರವಲ್ಲ. ಅಲ್ಲಿರುವುದು ದಿಂಬಿನಾಕಾರದ ಲಾವಾ. ಬಿಸಿ ಲಾವಾ ನೀರಿನೊಳಗೆ ಹೊರಬಂದರೆ ಮೈ ಥಟ್ಟನೆ ಗಟ್ಟಿಯಾಗಿ, ಒಳಗಿನ ದ್ರವ ಅದನ್ನು ಉಬ್ಬಿಸಿ, ಉರುಟು ಉಂಡೆಗಳು ಒಂದರ ಮೇಲೊಂದು ಪೇರಿಸಿಕೊಳ್ಳುತ್ತವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಮರಡಿಹಳ್ಳಿ ನೀರಿನ ತಳವಾಗಿತ್ತು ಎಂಬುದಕ್ಕೆ ಆ ಉಂಡೆಗಳೇ ಪುರಾವೆ.

ಇದೇ ಬಗೆಯ ದಿಂಬು ಲಾವಾ ಗದಗ ಶಿಲಾಪಟ್ಟಿಯಲ್ಲೂ ದಾಖಲಾಗಿದೆ. ನೂರಾರು ಕಿಲೋಮೀಟರ್ ಹೋಗಿ ಲಾವಾ ನೋಡಿ ಬಂದವರ ಸ್ವಂತ ಜಿಲ್ಲೆಯಲ್ಲಿ ಅದಕ್ಕಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಹಳೆಯ ಲಾವಾ ಬಿದ್ದಿದೆ. ಗದಗ ಜಿಲ್ಲೆಯ ಶಾಲೆ ಕಾಲೇಜುಗಳು ಅಂಥ ಕಲ್ಲುಗಳಿರುವ ಜಾಗಗಳನ್ನು ಗುರುತಿಸಿ, ಒಂದು ಕನ್ನಡ ಫಲಕ ಹಾಕಿಸಿ, ಮಕ್ಕಳನ್ನು ಕರೆದೊಯ್ಯುವ ಕೆಲಸ ಈ ವರ್ಷವೇ ಶುರುವಾಗಲಿ. ಅದಕ್ಕೆ ದೋಣಿಯೂ ಬೇಕಿಲ್ಲ, ರಾತ್ರಿ ಬಸ್ಸೂ ಬೇಕಿಲ್ಲ.